ಕಿಟಕಿ ಏರಿಸಿ ಕೇಳಿದ ಹಾಡುಗಳು

ವಿಮಾನ ನಿಲ್ದಾಣ

"ಗಸಗಸೆ ಮಾತ್ರ ತರ್ಬೇಡಿ ಮೇಡಂ. ಒಂದು ಕಾಳು ಕೂಡ ಬೇಡ. ಇಲ್ಲಿ ಅದಕ್ಕೆ ಜೈಲು ಉಂಟು."

ನಾನು ಹೊರಡುವ ವಾರದಲ್ಲಿ ವಲೇರಿಯನ್ ದುಬೈಯಿಂದ ಪ್ರತಿ ಫೋನಿನಲ್ಲೂ ಇದನ್ನು ಹೇಳಿದ. ನಾನು ಮೊದಲೇ ಪುಕ್ಕಲು. ಗಸಗಸೆ ಹಾಕಿದ ಉಂಡೆಗಳನ್ನೂ, ಹಾಕಿರಬಹುದೆಂದು ಅನುಮಾನವಿದ್ದ ಮಸಾಲೆ ಪುಡಿಯನ್ನೂ ಪಕ್ಕದ ಮನೆಗೆ ದಾಟಿಸಿದೆ. ಸೂಟ್‌ಕೇಸನ್ನು ತಲೆಕೆಳಗು ಮಾಡಿ ಕೊಡವಿದೆ. ಹಾಗೆಲ್ಲ ಮಾಡಿಯೂ ದುಬೈ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ನನ್ನನ್ನೇ ಪಕ್ಕಕ್ಕೆ ಕರೆದಾಗ ಜೀವ ಬಾಯಿಗೆ ಬಂತು.

ಅವರಿಗೆ ಬೇಕಾಗಿದ್ದದ್ದು ಸೂಟ್‌ಕೇಸಲ್ಲ, ರಟ್ಟಿನ ಪೆಟ್ಟಿಗೆ. ಅದರಲ್ಲಿ ಇನ್ನೂರು ಸಿಡಿಗಳಿದ್ದವು. ಕಪ್ಪು ಅಬಾಯ ತೊಟ್ಟ ಎಳೆಯ ಅಧಿಕಾರಿಣಿ ಟೇಪು ಕತ್ತರಿಸಿ ಒಂದು ಸಿಡಿಯನ್ನು ಮೇಲೆತ್ತಿದಳು. ಹೊದಿಕೆಯ ಮೇಲೆ ಅಗಲ ಅಂಚಿನ ಟೋಪಿ ಹಾಕಿಕೊಂಡು, ಗಿಟಾರ್ ಹಿಡಿದು, ಮಂಗಳೂರಿನ ಮುಚ್ಚಿದ ಹಂಚಿನ ಕಾರ್ಖಾನೆಯ ಚಿಮಣಿಯ ಮುಂದೆ ವಲೇರಿಯನ್ ನಿಂತಿದ್ದ.

"ಹೂ ಈಸ್ ದಿಸ್?"

"ಮೈ ಸ್ಟೂಡೆಂಟ್" ಎಂದೆ. ಅದು ಸತ್ಯವೇ. ಪಿಯುಸಿಯಲ್ಲಿ ಅವನಿಗೆ ಕನ್ನಡ ಕಲಿಸಿದವಳು ನಾನು. ಆದರೆ ಅವಳು ಅವನ ನೆರೆತ ಮೀಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೀಸೆಯನ್ನು ನೋಡಿದಳು. ಇದು ಸಿನಿಮಾವೋ, ಭಾಷಣವೋ, ಮಾರಲಿಕ್ಕೋ ಎಂದು ಕೇಳಿದಳು. ಬರೀ ಹಾಡು, ಹಂಚಲಿಕ್ಕೆ ಎಂದೆ. ಅವಳು ಸಿಡಿ ಹಿಡಿದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಪೆಟ್ಟಿಗೆಯ ಪಕ್ಕದಲ್ಲಿ ನಿಂತೇ ಇದ್ದೆ. ನನ್ನೊಂದಿಗೆ ವಿಮಾನದಲ್ಲಿ ಬಂದವರೆಲ್ಲ ಒಣಮೀನಿನ ಪೊಟ್ಟಣ ಸಮೇತ ನಗುನಗುತ್ತ ಹೊರಗೆ ಹೋದರು. ಹಾಡುಗಳಲ್ಲಿ ತಪ್ಪೆನಿಸುವಂಥದ್ದು ಏನಾದರೂ ಇದೆಯೇ ಎಂದು ಸಾಲು ಸಾಲಾಗಿ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ಒಂದು ಕಡೆ ಕಳ್ಳು ಬರುತ್ತದೆ. ಆ ಪದ ಹಾಕಿದ್ದು ನಾನೇ.

ಕೊನೆಗೂ ಬಾಗಿಲು ತೆರೆಯಿತು. ಹುಡುಗಿ ಪೆಟ್ಟಿಗೆಗೆ ತಾನೇ ಹೊಸ ಟೇಪು ಅಂಟಿಸಿ, "ವೆಲ್‌ಕಮ್, ಮಾಮಾ" ಎಂದಳು. ಒಳಗೆ ಒಯ್ದ ಸಿಡಿಯನ್ನು ಮಾತ್ರ ಹಿಂದೆ ಕೊಡಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಹೀಗೆ ಆಲ್ಬಮ್ಮಿನ ಮೊದಲ ಪ್ರತಿ ಯಾವ ಸಭೆ ಸಮಾರಂಭವೂ ಇಲ್ಲದೆ ಕಸ್ಟಮ್ಸಿನಲ್ಲೇ ಬಿಡುಗಡೆಯಾಯಿತು.

ಅಲ್ ಕುಸೈಸ್

ವಲೇರಿಯನ್ನನ ಮನೆ ಅಲ್ ಕುಸೈಸಿನಲ್ಲಿ, ಮೆಟ್ರೋ ಹಳಿಯ ಕಡೆಗೆ ಮುಖ ಮಾಡಿದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿತ್ತು. ಹೆಂಡತಿ ಐರಿನ್ ಆಸ್ಪತ್ರೆಯಲ್ಲಿ ನರ್ಸು. ಮಗಳು ಶೆರಿಲ್ ಹನ್ನೆರಡನೆಯ ತರಗತಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಆದರೆ ಅಪ್ಪನ ಹಾಡಿಗೆ ಎರಡನೆಯ ದನಿ ಸೇರಿಸುವಾಗ ಅದೇ ಹುಡುಗಿಯ ಬಾಯಲ್ಲಿ ಳಕಾರ ಎಷ್ಟು ಚೆಂದ ಹೊರಳುತ್ತದೆಂದರೆ, ನಾನು ಕಲಿಸಿದ ಎಷ್ಟೋ ಮಕ್ಕಳಿಗೆ ಅದು ಬಂದಿರಲಿಲ್ಲ.

ಈ ಆಲ್ಬಮ್ಮಿನ ಕಥೆಯನ್ನು ಇಲ್ಲಿ ಹೇಳಿಬಿಡಬೇಕು. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳೆಂದರೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ತುಂಬಾ ಪ್ರೀತಿ. ಮದುವೆಯಲ್ಲಿ ಹಂದಿ ಮಾಂಸದಷ್ಟೇ ಅದೂ ಬೇಕು. ವಲೇರಿಯನ್ ದುಬೈಯ ಒಂದು ಹೋಟೆಲಿನಲ್ಲಿ ಎ.ಸಿ. ರಿಪೇರಿಯ ಮೇಲ್ವಿಚಾರಕನಾಗಿದ್ದುಕೊಂಡು, ರಜೆಯ ದಿನ ಊರಿನವರ ಮದುವೆ, ನಾಮಕರಣಗಳಲ್ಲಿ ಈ ಹಾಡುಗಳನ್ನು ಹಾಡುತ್ತ ಬಂದವನು. ಒಂದು ದಿನ ಫೋನು ಮಾಡಿ, "ಮೇಡಂ, ಇದನ್ನೇ ಕನ್ನಡದಲ್ಲಿ ಮಾಡಿದ್ರೆ? ನಮ್ಮದೇ ಹಾಡು, ನಮ್ಮ ಹಂಚಿನ ಕಾರ್ಖಾನೆ, ನಮ್ಮ ಅಪ್ಪ" ಎಂದ. ಕುದುರೆಯ ಮೇಲೆ ಕೂತು ಗೋಳಾಡುವವರ ಸಂಗೀತ ನನಗೆ ಬೇಡ ಎಂದು ಮೂಗು ಮುರಿದೆ. ಆದರೂ ಸಾಹಿತ್ಯ ನಾನೇ ಬರೆದುಕೊಟ್ಟೆ. ಬೇರೆಯವರು ಬರೆದರೆ ಇನ್ನೂ ಕೆಟ್ಟದಾಗಿ ಬರೆಯುತ್ತಾರೆಂಬ ಭಯ.

ಮೊದಲ ಹಾಡು ಅವನ ಅಪ್ಪನದು. "ಕಾರ್ಖಾನೆ ಮುಚ್ಚಿದ ಮೇಲೂ ಅಪ್ಪ ಸೈರನ್ನಿನ ಹೊತ್ತಿಗೇ ಏಳುತ್ತಾನೆ, ಮನೆಯೆಲ್ಲ ಟೋಪಿ ಹುಡುಕುತ್ತಾನೆ, ಟೋಪಿ ತಲೆಯ ಮೇಲೇ ಇದೆ." ಈ ಸಾಲು ಬರೆದ ದಿನ ಆ ಸಂಗೀತದ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಹಾಡಿದ್ದು, ನುಡಿಸಿದ್ದು ಇಲ್ಲೇ ಕುಸೈಸಿನ ಒಂದು ಗೋದಾಮಿನಲ್ಲಿ. ಅವನ ಸ್ನೇಹಿತ ಡೆನಿಸ್ ಆ ಗೋದಾಮಿನ ಉಸ್ತುವಾರಿ. ಊರಿನವರ ಸಂಘಕ್ಕೂ ಅವನೇ ಕಾರ್ಯದರ್ಶಿ, ಆಲ್ಬಮ್ಮಿನಲ್ಲಿ ಬೇಸ್ ಗಿಟಾರೂ ಅವನದೇ. ಶುಕ್ರವಾರ ವಾರದ ರಜೆ, ಅಲ್ಲಿ ಸದ್ದು ಕಡಿಮೆ. ಎ.ಸಿ.ಯ ಗುಂಯ್‌ಗುಟ್ಟುವಿಕೆ ಕೇಳಬಾರದೆಂದು ಅದನ್ನು ಆರಿಸಿ, ಬನಿಯನ್ನಿನಲ್ಲಿ ನಿಂತು, ಬೆವರು ಸುರಿಸಿಕೊಂಡು ಹಾಡಿದರಂತೆ. ಮಸೀದಿಯ ಕರೆ ಬಂದಾಗ ನಿಲ್ಲಿಸಿ ಕಾದರಂತೆ. ಮೂರನೆಯ ಹಾಡಿನಲ್ಲಿ ಮಾತ್ರ ಒಂದು ಎಡವಟ್ಟಾಯಿತು. "ನಾನು ಹಿಂದೆ ತಿರುಗಿ ನೋಡಲಿಲ್ಲ" ಎಂದು ವಲೇರಿಯನ್ ಎದೆ ತುಂಬಿ ಹಾಡಿ ನಿಲ್ಲಿಸಿದ ಕೂಡಲೇ, ಗೋಡೆಯ ಆಚೆ ಯಾವುದೋ ಲಾರಿ ರಿವರ್ಸ್ ತೆಗೆದುಕೊಂಡು ಪೀಂ ಪೀಂ ಪೀಂ ಎಂದಿತು.

ಮಿಕ್ಸಿಂಗ್ ಮಂಗಳೂರಿನಲ್ಲಿ ನಡೆಯುವಾಗ ಆ ಪೀಂ ಪೀಂ ತೆಗೆಸಬೇಕೆಂದು ನಾನು ಹಟ ಹಿಡಿದೆ. ನನ್ನ ಇಡೀ ಹಾಡಿನ ಮರ್ಯಾದೆ ಹೋಗುತ್ತದೆ ಎಂದು ಫೋನಿನಲ್ಲಿ ಕೂಗಾಡಿದೆ. ವಲೇರಿಯನ್ ಜಗ್ಗಲಿಲ್ಲ.

"ಅದು ಇರ್ಲಿ ಮೇಡಂ. ನಾವು ಹಾಡಿದ್ದು ಎಲ್ಲಿ ಅಂತ ಅದು ಹೇಳ್ತದೆ."

"ಕೇಳಿದವರು ನಗ್ತಾರೆ."

"ನಗ್ಲಿ. ಇಲ್ಲಿಯವರಿಗೆ ಅದು ಎಂತದ್ದು ಅಂತ ಗೊತ್ತುಂಟು."

ಕೊನೆಗೆ ಅವನೇ ಗೆದ್ದ. ನಾನು ಕೆಲ ದಿನ ಮಾತು ಬಿಟ್ಟೆ. ಆಮೇಲೆ ಅವನ ಕೆಲಸ ಹೋಯಿತೆಂದು ತಿಳಿದಾಗ ನಾನೇ ಫೋನು ಮಾಡಿದೆ.

ಹೋಟೆಲು ಬೇರೆಯವರ ಕೈಗೆ ಹೋಗಿ ಹಳಬರನ್ನೆಲ್ಲ ಕಳಿಸಿಬಿಟ್ಟಿದ್ದರು. ವೀಸಾ ರದ್ದಾಗಿತ್ತು. ನಾನು ಬಂದ ವಾರದ ಶನಿವಾರ ಅವನು ದೇಶ ಬಿಡಲೇಬೇಕು. ಶೆರಿಲ್‌ಳ ಓದು ಮುಗಿಯುವವರೆಗೆ ಐರಿನ್ ಇಲ್ಲೇ ಇರುತ್ತಾಳೆ, ಅವನೊಬ್ಬನೇ ಊರಿಗೆ. ಅದಕ್ಕೇ ಶುಕ್ರವಾರ ಸಂಜೆ ದುಬೈಯದೇ ಊದ್ ಮೇಥಾ ಬಡಾವಣೆಯ ಕ್ಲಬ್ಬಿನ ಹಾಲಿನಲ್ಲಿ ಬಿಡುಗಡೆ ಇಟ್ಟುಕೊಂಡಿದ್ದರು.

"ಇದನ್ನು ಊರಲ್ಲೇ ಬಿಡುಗಡೆ ಮಾಡಬಹುದಿತ್ತಲ್ಲೋ" ಎಂದು ನಾನು ಊಟಕ್ಕೆ ಕೂತಾಗ ಕೇಳಿದೆ.

ಅವನು ಮೀನಿನ ಮುಳ್ಳು ಬಿಡಿಸುತ್ತ ಹೇಳಿದ: "ಊರಲ್ಲಿ ನನ್ನನ್ನು ಯಾರು ಗುರ್ತ ಹಿಡಿತಾರೆ ಮೇಡಂ? ಇಪ್ಪತ್ತು ವರ್ಷ ನಾನು ಹಾಡಿದ್ದು ಇವರ ಎದುರು. ಎಲ್ಲ ಬೇರೆಯವರ ಹಾಡು. ಒಮ್ಮೆ ನನ್ನ ಹಾಡು ಇವರು ಕೇಳ್ಬೇಕು. ಕೇಳುವಾಗ ಇವರ ಮುಖ ನಾನು ನೋಡ್ಬೇಕು. ಮತ್ತೆ ಹೋಗುದು."

ಐರಿನ್ ಆ ರಾತ್ರಿ ಒಂದು ಸಿಡಿಯನ್ನು ಮಿಂಚುವ ಕೆಂಪು ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದಳು. ನಮ್ಮವರ ಯಾವ ಬಿಡುಗಡೆಯೂ ಮುಖ್ಯ ಅತಿಥಿಗಳು ಕಾಗದ ಬಿಚ್ಚದೆ ನಡೆಯುವುದಿಲ್ಲವಷ್ಟೆ. ಈ ಪದ್ಧತಿ ಅರಬ್ಬೀ ಸಮುದ್ರ ದಾಟಿಯೂ ಒಂದಿಷ್ಟು ಬದಲಾಗಿಲ್ಲವಲ್ಲ ಎಂದು ನನಗೆ ನಗು ಬಂತು.

ಮರುದಿನ ಗುರುವಾರ. ಬೆಳಿಗ್ಗೆ ಅಡುಗೆಮನೆಯ ರೇಡಿಯೋದಲ್ಲಿ ಎಂದಿನ ಸಿನಿಮಾ ಹಾಡುಗಳಿರಲಿಲ್ಲ. ಐರಿನ್ ಸ್ಟೇಷನ್ ತಿರುಗಿಸಿದಳು. ಅಲ್ಲೂ ಇಲ್ಲ. ಮಲಯಾಳದ ಸ್ಟೇಷನ್, ಹಿಂದಿಯದು, ಎಲ್ಲ ಕಡೆ ಒಂದೋ ಕುರ್‌ಆನ್ ಪಠಣ, ಇಲ್ಲವೇ ಮೆಲ್ಲಗಿನ ವಾದ್ಯ. ಅವಳ ಕೈ ಗುಂಡಿಯ ಮೇಲೇ ನಿಂತಿತು.

"ಯಾರೋ ದೊಡ್ಡವರು ಹೋಗಿದ್ದಾರೆ" ಎಂದಳು.

ಆಳುವ ಮನೆತನದ ಹಿರಿಯರೊಬ್ಬರು ತೀರಿಕೊಂಡಿದ್ದರು. ಮೂರು ದಿನ ಶೋಕಾಚರಣೆ. ಹಾಡು, ಕುಣಿತ, ಸಮಾರಂಭ ಯಾವುದೂ ಇಲ್ಲ. ಡೆನಿಸ್‌ನ ಫೋನು ಬಂದಾಗ ವಲೇರಿಯನ್ ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದ. "ಹಾಲ್ ಕ್ಯಾನ್ಸಲ್. ಪರ್ಮಿಷನ್ ಮಾಫಿ. ಖಲಾಸ್" ಎಂಬ ಡೆನಿಸ್‌ನ ಮಾತು ನನಗೂ ಕೇಳಿಸಿತು. ಮಾಫಿ ಎಂದರೆ ಅರಬ್ಬಿಯಲ್ಲಿ ಇಲ್ಲ ಎಂದು. ವಲೇರಿಯನ್ ಅರ್ಧ ಸುತ್ತಿದ್ದ ತಂತಿಯನ್ನು ಪೂರ್ತಿ ಸುತ್ತಿ, ಶ್ರುತಿ ಮಾಡದೆಯೇ ಗಿಟಾರನ್ನು ಪೆಟ್ಟಿಗೆಯೊಳಗಿಟ್ಟ.

ಖಲೀಫಾ ಸಿಟಿ

ಒಂದು ದಾರಿ ಉಳಿದಿತ್ತು. ಮುಖ್ಯ ಅತಿಥಿಗಳಾಗಬೇಕಿದ್ದ ಮೂರ್ತಿಯವರು ಮೈಸೂರಿನವರು, ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಅಬುಧಾಬಿಯ ಖಲೀಫಾ ಸಿಟಿಯಲ್ಲಿ ವಿಲ್ಲಾ. ಬೆಳಿಗ್ಗೆ ಫೋನಿನಲ್ಲಿ ಅವರೇ, "ನಮ್ಮನೇಲಿ ಮಾಡ್ಕೊಳ್ಳಿ, ಬಾಗಿಲು ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ" ಎಂದಿದ್ದರು. ಜಾಗ ನೋಡಿ ಬರಲು ಮಧ್ಯಾಹ್ನ ನಾವು ಮೂವರೂ ಐರಿನ್‌ಳ ಕಾರಿನಲ್ಲಿ ಹೊರಟೆವು. ವಲೇರಿಯನ್ ಓಡಿಸುತ್ತಿದ್ದ.

ದುಬೈಯಿಂದ ಅಬುಧಾಬಿಗೆ ಹೋಗುವ ರಸ್ತೆ ನೋಡಿದರೆ ನಮ್ಮ ಹೆದ್ದಾರಿಯ ಇಂಜಿನಿಯರುಗಳನ್ನು ಕರೆದುತಂದು ತೋರಿಸಬೇಕು ಅನ್ನಿಸುತ್ತದೆ. ಒಂದು ಗುಂಡಿಯಿಲ್ಲ, ಒಂದು ದನವಿಲ್ಲ, ಎದುರಿನಿಂದ ಯಾರೂ ನುಗ್ಗುವುದಿಲ್ಲ. ಆದರೂ ನನಗೆ ನೆಮ್ಮದಿಯಿರಲಿಲ್ಲ. ದಾರಿಯುದ್ದಕ್ಕೂ ಬಾವುಟಗಳು ಅರ್ಧಕ್ಕಿಳಿದಿದ್ದವು. ಕಾರಿನಲ್ಲಿ ಯಾರೂ ರೇಡಿಯೋ ಹಾಕಲಿಲ್ಲ.

"ಸಿಕ್ಕಿಬಿದ್ದರೆ ಎಂತ ಆಗ್ತದೆ?" ಎಂದು ಕೇಳಿದೆ.

"ನನಗೆ ಎಂತ ಆಗ್ಲಿಕ್ಕೂ ಇಲ್ಲ, ನಾನು ಹೋಗುವವ" ಎಂದ ವಲೇರಿಯನ್. ಆಮೇಲೆ ದನಿ ತಗ್ಗಿಸಿದ. "ಕೇಸ್ ಆದ್ರೆ ಶನಿವಾರ ಹೋಗ್ಲಿಕ್ಕೆ ಬಿಡುದಿಲ್ಲ. ಇವಳ ಕೆಲಸಕ್ಕೆ ತೊಂದರೆ ಬರ್ಬಹುದು. ಹುಡುಗಿಯ ಶಾಲೆ."

ಐರಿನ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು, "ಅದೆಲ್ಲ ಹೇಳ್ಬೇಡಿ. ನಿಮಗೆ ಹಾಡ್ಬೇಕು ತಾನೆ? ಹಾಡಿ" ಎಂದಳು. ಬೈದಂತೆ ಹೇಳಿದಳು, ಆದರೆ ಕಣ್ಣು ತುಂಬಿತ್ತು.

ಮೂರ್ತಿಯವರು ಗೇಟಿನ ಹೊರಗೇ ನಿಂತಿದ್ದರು. ನಮ್ಮನ್ನು ಒಳಗೆ ಕರೆಯುವ ಲಕ್ಷಣ ಕಾಣಲಿಲ್ಲ. ನಾವು ಇಳಿಯುವ ಮೊದಲೇ ಕಾರಿನ ಹತ್ತಿರ ಬಂದು, "ನೋಡಿ ಸಾರ್, ದಯವಿಟ್ಟು ತಪ್ಪು ತಿಳ್ಕೋಬೇಡಿ" ಎಂದು ಶುರು ಮಾಡಿದರು.

ನನಗೆ ತಲೆ ಕೆಟ್ಟುಹೋಯಿತು. "ಅಷ್ಟು ದೂರದಿಂದ ಕರೆಸಿಕೊಂಡು ಈಗ ಹೀಗೆ ಹೇಳೋದೇನ್ರಿ?" ಎಂದೆ.

"ಬೆಳಿಗ್ಗೆ ಯೋಚ್ನೆ ಮಾಡ್ದೆ ಹೇಳ್ಬಿಟ್ಟೆ ಮೇಡಂ. ಅಲ್ಲಿ ನೋಡಿ" ಎಂದು ಅವರು ಕಣ್ಣಲ್ಲೇ ಪಕ್ಕದ ವಿಲ್ಲಾ ತೋರಿಸಿದರು. "ಅವ್ರು ಲೋಕಲ್ಸು. ಹೋದೋರಿಗೆ ಏನೋ ದೂರದ ಸಂಬಂಧ ಅಂತೆ. ನಮ್ಮ ಮಕ್ಕಳು ಅವ್ರ ಮನೇಲೇ ಆಡಿ ಬೆಳೆದಿದ್ದು. ಸಿಕ್ಕಿಬೀಳೋದು ಆಮೇಲಿನ ಮಾತು. ನಾವೇ ಗೋಡೆ ಈಚೆ ಗಿಟಾರ್ ಬಾರಿಸ್ಕೊಂಡು ಕೂತ್ರೆ ಹೇಗಿರತ್ತೆ, ನೀವೇ ಹೇಳಿ."

ಪಕ್ಕದ ಗೇಟಿನ ಮುಂದೆ ಕಾರುಗಳು ಸಾಲಾಗಿ ನಿಂತಿದ್ದವು. ಕಪ್ಪು ಬಟ್ಟೆಯ ಹೆಂಗಸರು ಒಬ್ಬೊಬ್ಬರಾಗಿ ಇಳಿದು ಒಳಗೆ ಹೋಗುತ್ತಿದ್ದರು. ಒಬ್ಬ ಮುದುಕಿಯನ್ನು ಇಬ್ಬರು ತೋಳು ಹಿಡಿದು ನಡೆಸುತ್ತಿದ್ದರು. ಅಷ್ಟು ಜನ ಸೇರಿದ್ದರೂ ಬಾಗಿಲು ಮುಚ್ಚುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ನಾವೂ ಟಿ.ವಿ. ಬಂದ್ ಮಾಡುತ್ತೇವೆ, ಮಿಕ್ಸಿ ಹಾಕಲೂ ಹಿಂದೆಮುಂದೆ ನೋಡುತ್ತೇವೆ. ಅದಕ್ಕೆ ಯಾವ ಸರ್ಕಾರವೂ ಆಜ್ಞೆ ಹೊರಡಿಸುವುದಿಲ್ಲ.

"ಅವ್ರು ಹೇಳುದು ಸರಿ ಮೇಡಂ" ಎಂದ ವಲೇರಿಯನ್. ಮೂರ್ತಿಯವರ ಕೈ ಕುಲುಕಿ ಕಾರು ತಿರುಗಿಸಿದ.

ಹಿಂದಿರುಗುವಾಗ ಅವನು ಡೆನಿಸ್‌ಗೆ ಫೋನು ಮಾಡಿ, ಕಾರ್ಯಕ್ರಮ ರದ್ದಾಗಿದೆ ಎಂದು ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಹೇಳಿದ. ಹಿಂದಿನ ಸೀಟಿನಲ್ಲಿ ಕೂತ ನನಗೆ ಕಾಣುತ್ತಿದ್ದದ್ದು ಸ್ಟಿಯರಿಂಗಿನ ಮೇಲೆ ತಾಳ ಹಾಕದೆ ಸುಮ್ಮನಿದ್ದ ಅವನ ಬೆರಳುಗಳು. ಪಿಯುಸಿಯಲ್ಲಿದ್ದಾಗ ಬೆಂಚಿನ ಮೇಲೆ ತಾಳ ಹಾಕಿದ್ದಕ್ಕೆ ಅವನನ್ನು ಎಷ್ಟು ಸಲ ಗದರಿಸಿದ್ದೆನೋ. ಈಗ ಹಾಕಲಿ ಎಂದು ಕಾದೆ, ಹಾಕಲಿಲ್ಲ.

ಊದ್ ಮೇಥಾ

ಶುಕ್ರವಾರ ಸಂಜೆ ನಾವು ಅವನ ಬಟ್ಟೆ ತುಂಬಿಸುತ್ತಿದ್ದೆವು. ಇಪ್ಪತ್ತು ವರ್ಷದ ಸಾಮಾನು ಎರಡು ಸೂಟ್‌ಕೇಸಿನಲ್ಲಿ ಹಿಡಿಸುವುದು ಹೇಗೆ ಎಂದು ಐರಿನ್ ಸಿಡುಕುತ್ತಿದ್ದಾಗ ಫೋನು ಬಂತು. ಡೆನಿಸ್ ಅಳುವುದೊಂದು ಬಾಕಿಯಿತ್ತು.

"ಬೇಗ ಬನ್ನಿ ಮಾರಾಯ್ರೆ. ಜನ ಬರ್ತಾ ಇದ್ದಾರೆ. ಎಲ್ಲ ಬರ್ತಾ ಇದ್ದಾರೆ!"

ಸಿಡಿಗಳ ಪೆಟ್ಟಿಗೆ ಹಿಂದಿನ ದಿನದಿಂದ ಕಾರಿನಲ್ಲೇ ಇತ್ತು. ಶೆರಿಲ್ ಕೂಡ ಹತ್ತಿದಳು. ಊದ್ ಮೇಥಾ ತಲುಪಿದಾಗ ಕ್ಲಬ್ಬಿನ ಪಕ್ಕದ ಬಯಲು ಪಾರ್ಕಿಂಗಿನಲ್ಲಿ ಕಾರುಗಳು ತುಂಬುತ್ತಲೇ ಇದ್ದವು. ರೇಷ್ಮೆ ಸೀರೆಯ ಹೆಂಗಸರು, ಇಸ್ತ್ರಿ ಮಾಡಿದ ಅಂಗಿಯ ಗಂಡಸರು, ಟೋಪಿ ಹಾಕಿಕೊಂಡ ಮಕ್ಕಳು. ಒಬ್ಬಳ ಕೈಯಲ್ಲಿ ಕೇಕ್ ಬೇರೆ. ಮುಚ್ಚಿದ ಗೇಟಿನ ಮುಂದೆ ಕಾವಲುಗಾರ ಎರಡೂ ಕೈ ಬೀಸುತ್ತ, ಇಲ್ಲಿ ಗುಂಪು ನಿಲ್ಲಬಾರದು, ಹೋಗಿ ಹೋಗಿ ಎಂದು ಹಿಂದಿಯಲ್ಲಿ ಕೂಗುತ್ತಿದ್ದ.

"ಮೆಸೇಜ್ ನೋಡ್ಲಿಲ್ವಾ ನೀವು ಯಾರೂ?" ಎಂದು ಡೆನಿಸ್ ಕಿರುಚಿದ.

"ಎಂತ ಮೆಸೇಜ್?" ಎಂದು ದಪ್ಪಗಿನ ಒಬ್ಬರು ತಮ್ಮ ಫೋನನ್ನು ಅವನ ಮೂಗಿಗೇ ಹಿಡಿದರು. ಅವರ ಹೆಸರು ಫೆಲಿಕ್ಸ್, ಹಾಡು ಮುದ್ರಿಸುವಾಗ ಗೋದಾಮಿನಲ್ಲಿ ಮೈಕು ಹಿಡಿದು ನಿಂತಿದ್ದವರು ಇವರೇ ಎಂದು ಆಮೇಲೆ ತಿಳಿಯಿತು. "ನೂರು ಗುಲಾಬಿ ಹೂ ಉಂಟು, ನೂರು ಕ್ಯಾಂಡಲ್ ಉಂಟು, ಕೈ ಮುಗಿದದ್ದು ಉಂಟು. ನಿಮ್ಮ ಮೆಸೇಜ್ ಎಲ್ಲುಂಟು ತೋರ್ಸಿ."

ತೀರಿಕೊಂಡ ಹಿರಿಯರಿಗೆ ಶ್ರದ್ಧಾಂಜಲಿ ಎಂದು ಗುಂಪಿನವರೆಲ್ಲ ಹಾಕಿದ ಚಿತ್ರಗಳ ನಡುವೆ ಕಾರ್ಯಕ್ರಮ ರದ್ದಾದ ಸುದ್ದಿ ಹೂತುಹೋಗಿತ್ತು. ಸತ್ತವರಿಗೆ ಒಂದು ಹೂ ಹಾಕದಿದ್ದರೆ ಯಾರು ಏನು ತಿಳಿದುಕೊಳ್ಳುತ್ತಾರೋ ಎಂಬ ನಮ್ಮವರ ದಾಕ್ಷಿಣ್ಯ ಎಲ್ಲರಿಗೂ ಗೊತ್ತಿದ್ದದ್ದೇ. ಡೆನಿಸ್ ಫೋನನ್ನು ಮೇಲೆ ಮೇಲೆ ಉಜ್ಜಿ ಕೊನೆಗೂ ತನ್ನ ಮೆಸೇಜು ಹುಡುಕಿದ. ಅದರ ಕೆಳಗಿನ ಮೊದಲ ಗುಲಾಬಿಯನ್ನು ಹಾಕಿದವನು ಅವನೇ.

ನಗುವ ಹೊತ್ತಾಗಿರಲಿಲ್ಲ. ಕಾವಲುಗಾರ ಫೋನು ಕೈಗೆತ್ತಿಕೊಂಡಿದ್ದ. ಹಾಡಿಲ್ಲದಿದ್ದರೂ ಇಂಥ ದಿನ ಇಷ್ಟು ಜನ ಸಿಂಗರಿಸಿಕೊಂಡು ಬೀದಿಯಲ್ಲಿ ನಿಂತರೆ ನೋಡಿದವರಿಗೆ ಹಬ್ಬದಂತೆಯೇ ಕಾಣುತ್ತದೆ. ವಲೇರಿಯನ್ ಎಲ್ಲರಿಗೂ ಕೈ ಮುಗಿಯುತ್ತ, "ಕ್ಷಮಿಸಿ, ಹೋಗಿ, ದಯವಿಟ್ಟು ಹೋಗಿ" ಎನ್ನುತ್ತಿದ್ದ. ತನ್ನನ್ನು ಕೇಳಲು ಬಂದವರನ್ನು ತಾನೇ ಓಡಿಸುತ್ತಿದ್ದ.

"ಹೋಗ್ತೇವೆ" ಎಂದರು ಫೆಲಿಕ್ಸ್. "ಸಿಡಿ ಆದ್ರೂ ಕೊಡು. ನಾಳೆ ನೀನೇ ಇರುದಿಲ್ಲ."

ಐರಿನ್ ಡಿಕ್ಕಿ ತೆರೆದು ಪೆಟ್ಟಿಗೆಯಿಂದ ಒಂದನ್ನು ಕೊಟ್ಟಳು. ಆ ದಿನಗಳಲ್ಲಿ ಸಿಡಿ ಕೇಳುವ ಸಾಧನ ಯಾರ ಮನೆಯಲ್ಲೂ ಉಳಿದಿರಲಿಲ್ಲ, ಕಾರಿನಲ್ಲಿ ಮಾತ್ರ ಇತ್ತು. ಫೆಲಿಕ್ಸ್ ಕಾರಿನೊಳಗೆ ಕೂತರು, ಹೆಂಡತಿ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಸೆಕೆಗೆ ಎ.ಸಿ. ಹಾಕಿ ಕಿಟಕಿ ಏರಿಸಿದರು. ಆದರೆ ಕಾರು ಹೊರಡಲಿಲ್ಲ. ಗಾಜಿನ ಆಚೆ ಅವರ ತಲೆ ಮೆಲ್ಲಗೆ ಅತ್ತಿತ್ತ ಆಡತೊಡಗಿತು. ಹೊರಗೆ ನಿಂತ ನಮಗೆ ಒಂದಿಷ್ಟೂ ಕೇಳಲಿಲ್ಲ.

ಅದನ್ನು ನೋಡಿದ ಐರಿನ್ ವಾರ್ಡಿನಲ್ಲಿ ಕೂಗಿ ರೂಢಿಯಾದ ದನಿಯಲ್ಲಿ, "ಎಲ್ಲ ಕಾರಿಗೆ ಹೋಗಿ! ಸಿಡಿ ತಕ್ಕೊಳ್ಳಿ, ಕಿಟಕಿ ಏರ್ಸಿ! ಯಲ್ಲಾ, ಯಲ್ಲಾ!" ಎಂದು ಅರಬ್ಬಿ ಸೇರಿಸಿ ಅವಸರಪಡಿಸಿದಳು. ಡೆನಿಸ್, ಶೆರಿಲ್, ನಾನು ಸಿಡಿಗಳನ್ನು ಎತ್ತಿಕೊಂಡು ಕಾರಿನಿಂದ ಕಾರಿಗೆ ಓಡಿದೆವು. ಬಾಗಿಲುಗಳು ದಡದಡ ಮುಚ್ಚಿದವು. ಸ್ವಲ್ಪ ಹೊತ್ತಿನಲ್ಲಿ ಬಯಲಿನಲ್ಲಿ ಒಬ್ಬರೂ ಉಳಿಯಲಿಲ್ಲ. ಚಾಲೂ ಇದ್ದ ಇಂಜಿನ್ನುಗಳ ಸಣ್ಣ ಗುರುಗುಟ್ಟುವಿಕೆ ಬಿಟ್ಟರೆ ಪೂರ್ತಿ ಮೌನ. ನಡುವೆ ವಲೇರಿಯನ್ ಒಬ್ಬನೇ ನಿಂತಿದ್ದ.

ಒಬ್ಬೊಬ್ಬರು ಎರಡು ಮೂರು ತೆಗೆದುಕೊಂಡಿದ್ದರಿಂದ ಪೆಟ್ಟಿಗೆ ಖಾಲಿಯಾಗಿತ್ತು. ನಾನು ಬಂದು ಐರಿನ್‌ಳ ಪಕ್ಕ ಕೂತಾಗ ಅವಳು ಕೆಂಪು ಕಾಗದದ ಪೊಟ್ಟಣವನ್ನು ನನ್ನ ಕೈಗಿತ್ತಳು.

"ನೀವೇ ಬಿಚ್ಚಿ ಮೇಡಂ."

ರಿಬ್ಬನ್ನಿನ ಗಂಟು ಬಿಚ್ಚುತ್ತಿದ್ದಾಗಲೇ ಪೊಲೀಸು ಕಾರು ಬಂತು.

ಅದು ಸಾಲುಗಳ ನಡುವೆ ಬಹಳ ನಿಧಾನವಾಗಿ ಸರಿದು, ವಲೇರಿಯನ್ನನ ಎದುರು ನಿಂತಿತು. ಇಳಿದ ಅಧಿಕಾರಿಗೆ ನಡುವಯಸ್ಸು. ಐರಿನ್ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದಳು. ಅವಳ ಇನ್ನೊಂದು ಕೈ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬಳೆ ಒತ್ತಿ ನೋವಾಗುತ್ತಿತ್ತು.

"ಕ್ಯಾ ಹೈ ಇದರ್? ಪಾರ್ಟಿ?"

ವಲೇರಿಯನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ಪಾರ್ಟಿ ನಹೀ ಸರ್. ನಾಳೆ ನಾನು ಊರಿಗೆ ಹೋಗ್ತೇನೆ, ಪೂರ್ತಿ ಹೋಗ್ತೇನೆ. ಇವರು ನನ್ನ ಜನ. ನಾನು ಮಾಡಿದ ಹಾಡು ಕೇಳ್ತಿದ್ದಾರೆ, ಕಾರಿನ ಒಳಗೆ ಮಾತ್ರ" ಎಂದು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ, "ನಿಮ್ಮ ಹಿರಿಯರು ಹೋದದ್ದಕ್ಕೆ ನಮಗೂ ಬೇಜಾರುಂಟು ಸರ್. ನಾವು ಅನ್ನ ತಿಂದ ಜಾಗ ಇದು" ಎಂದ. ಇದನ್ನು ಯಾರನ್ನೂ ಮೆಚ್ಚಿಸಲು ಹೇಳಿದ್ದಲ್ಲ.

ಪೊಲೀಸಿನವನು ಹತ್ತಿರದ ಕಾರಿನ ಪಕ್ಕ ಹೋಗಿ ಬಗ್ಗಿ ಕಿವಿಗೊಟ್ಟ. ಇನ್ನೊಂದರ ಬಳಿ ಹೋಗಿ ಅಲ್ಲೂ ಕಿವಿಗೊಟ್ಟ. ಗಾಜಿನೊಳಗಿನ ಮಕ್ಕಳು ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದರು. ಅವನು ಹಿಂದೆ ಬಂದು ವಲೇರಿಯನ್ನನ ಕೈಯ ಟೋಪಿಯನ್ನು ನೋಡಿದ.

"ಅಲ್ಲಾ ಯರ್ಹಮೊ" ಎಂದ, ತೀರಿಹೋದವರ ಮೇಲೆ ದೇವರ ಕರುಣೆಯಿರಲಿ ಎಂದು. ಆಮೇಲೆ, "ಬಾಹರ್ ಆವಾಜ್ ನಹೀ. ಥೋಡಾ ಟೈಮ್, ಫಿರ್ ಖಲಾಸ್. ಸಬ್ ಘರ್ ಜಾವೋ."

ಅವನ ಕಾರು ಗೇಟಿನಾಚೆ ತಿರುಗುವವರೆಗೂ ಐರಿನ್ ನನ್ನ ಕೈ ಬಿಡಲಿಲ್ಲ. ಬಿಟ್ಟ ಕೂಡಲೇ ಕಿಟಕಿ ಏರಿಸಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಹಿಂದಿನ ಸೀಟಿನಿಂದ ಶೆರಿಲ್ ಅವಳ ಬೆನ್ನು ಸವರುತ್ತ, "ಮಮ್ಮಾ, ಇಟ್ಸ್ ಓಕೆ, ಹೀ ಲೆಫ್ಟ್" ಎಂದಳು. ನಾನು ಕಾಗದ ಹರಿದು ಸಿಡಿಯನ್ನು ಒಳಗೆ ತೂರಿದೆ. ಸೈರನ್ನು, ಅಪ್ಪ, ಟೋಪಿ ಶುರುವಾಯಿತು.

ವಲೇರಿಯನ್ ಕಾರುಗಳ ನಡುವೆ ನಡೆಯತೊಡಗಿದ್ದ. ಅವನಿಗೆ ಏನೂ ಕೇಳಿಸುವಂತಿರಲಿಲ್ಲ. ಒಂದೊಂದೇ ಗಾಜಿನ ಮುಂದೆ ನಿಂತು ಒಳಗಿನವರನ್ನು ನೋಡುತ್ತಿದ್ದ. ಒಬ್ಬ ಮುದುಕ ಕಣ್ಣು ಮುಚ್ಚಿಕೊಂಡಿದ್ದ. ಒಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡು, ಒರೆಸಿಕೊಂಡದ್ದು ಅವನಿಗೆ ಕಂಡಿತೆಂದು ನಾಚಿದಳು. ಆದರೆ ಅವರು ಯಾವ ಹಾಡಿಗೆ ಅಳುತ್ತಿದ್ದಾರೆ, ಯಾವ ಸಾಲಿಗೆ ನಗುತ್ತಿದ್ದಾರೆ ಎಂದು ಅವನಿಗೆ ಹೇಗೆ ತಿಳಿಯಬೇಕು? ಇಷ್ಟು ಕಷ್ಟಪಟ್ಟೂ ಅವನಿಗೆ ಸಿಕ್ಕಿದ್ದು ಅರ್ಧವೇ ಎಂದು ನನ್ನ ಮನಸ್ಸು ಕುದಿಯಿತು.

ಆಗ ಫೆಲಿಕ್ಸ್ ಅವರ ಕಾರಿನಲ್ಲಿ ಏನೋ ಆಯಿತು. ಸ್ಟಿಯರಿಂಗಿನ ಮುಂದೆ ಕೂತಿದ್ದ ಅವರು ಗಕ್ಕನೆ ಹಿಂದಕ್ಕೆ ತಿರುಗಿ ನೋಡಿದರು. ಹೆಂಡತಿಯೂ ಕೇಕು ಹಿಡಿದುಕೊಂಡೇ ತಿರುಗಿದಳು. ಹಿಂದೆ ಏನೂ ಇರಲಿಲ್ಲ. ವಲೇರಿಯನ್ ನಡೆಯುತ್ತಿದ್ದವನು ನಿಂತುಬಿಟ್ಟ. ಸ್ವಲ್ಪ ಹೊತ್ತಿಗೆ ಪಕ್ಕದ ಕಾರಿನವರು ತಿರುಗಿದರು. ಆಮೇಲೆ ಅದರಾಚೆಯವರು. ಮತ್ತೆ ಎದುರು ಸಾಲಿನಲ್ಲಿ ಒಂದು ಇಡೀ ಕುಟುಂಬ, ಅಜ್ಜಿ ಸಮೇತ. ಒಬ್ಬ ಗಂಡಸು ಬಾಗಿಲು ತೆರೆದು ಇಳಿದೇಬಿಟ್ಟ, ತನ್ನ ಕಾರಿನ ಹಿಂದೆ ಯಾವ ಲಾರಿ ಬರುತ್ತಿದೆ ಎಂದು ನೋಡಲು.

ವಲೇರಿಯನ್ ಟೋಪಿಯಿಂದ ಮುಖ ಮುಚ್ಚಿಕೊಂಡ. ಭುಜ ಕುಲುಕುತ್ತಿತ್ತು. ನಗುವೋ ಅಳುವೋ ದೂರದಿಂದ ಗೊತ್ತಾಗಲಿಲ್ಲ. ಟೋಪಿ ಇಳಿಸಿದಾಗ ಎರಡೂ ಇತ್ತು. ಅವನು ನಮ್ಮ ಕಾರಿನ ಕಡೆ ತಿರುಗಿ ಮೂರು ಬೆರಳು ಎತ್ತಿ ತೋರಿಸಿದ. ಮೂರನೆಯ ಹಾಡು.

ನಾವು ತಡವಾಗಿ ಹಚ್ಚಿದ್ದರಿಂದ ನಮ್ಮಲ್ಲಿ ಅದು ಇನ್ನೂ ಬಂದಿರಲಿಲ್ಲ. ಅವನು ಓಡಿಬಂದು ನನ್ನ ಕಿಟಕಿಯ ಹೊರಗೆ ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತ. ಎರಡನೆಯ ಹಾಡು ಮುಗಿದು ಮೂರನೆಯದು ಶುರುವಾಯಿತು. ನಾನು ಬರೆದದ್ದು, ಮಂಗಳೂರಿನಲ್ಲಿ ಹತ್ತಾರು ಸಲ ಕೇಳಿದ್ದು, ತೆಗೆಸಬೇಕೆಂದು ಜಗಳವಾಡಿದ್ದು. ಯಾವ ಪದ ಮುಗಿದ ಮೇಲೆ ಅದು ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನೇರ ಅವನ ಕಣ್ಣನ್ನೇ ನೋಡುತ್ತ, ಈ ಸಲ ಸೋಲುವುದಿಲ್ಲ ಎಂದು ಗಟ್ಟಿಯಾಗಿ ಕೂತೆ.

ನಾನು ಹಿಂದೆ ತಿರುಗಿ ನೋಡಲಿಲ್ಲ, ಎಂದಿತು ಅವನ ದನಿ.

ಪೀಂ ಪೀಂ ಪೀಂ.

ನಾನು ತಿರುಗಿ ನೋಡಿದೆ.